ಅಪ್ಪಂಗೆ ವಯಸ್ಸಾಗಿತ್ತು

ಶಿರಾ ಸಂತೇಲಿ ನಿಂತಿರೋ ಅಷ್ಟೂ ಟಗರುಗಳ ಅಪ್ಪ, ತಾತನ ಚರಿತ್ರೆ ನನ್ನ ತಮ್ಮನಿಗೆ ಬಾಯಿಪಾಠ. ಸ್ವಂತ ಅಪ್ಪನ ವಿಚಾರ ಕೇಳಿ ನೋಡಿ, ಬಾಯಿ ಹೊಲ್ಕಂಡು ಕೂರ್ತಾನೆ.

ಟಗರು ಕೊಳ್ಳೋಕೆ ಹೋದ್ರೆ ಎಲ್ಲರೂ ಹಲ್ಲು ನೋಡ್ತಾರೆ, ಬೆನ್ನು ಮುಟ್ತಾರೆ. ಇವನು ಕೇಳೋದೇ ಬೇರೆ. "ಇದರಪ್ಪ ಸತ್ತಿದ್ದು ಯಾತಕ್ಕೆ? ತಾತಂಗೆ ಕೆಮ್ಮಿತ್ತಾ?"

ಒಂದ್ಸಲ ಹುಲಿಕುಂಟೆಯವನೊಬ್ಬ ಬೇಸತ್ತು, "ಅಣ್ಣೋ, ನೀನು ಬಂದಿರೋದು ಟಗರಿಗೋ, ಹೆಣ್ಣು ನೋಡೋಕೋ?" ಅಂದ.

"ಹೆಣ್ಣು ನೋಡೋವಾಗ ಇಷ್ಟೆಲ್ಲ ಕೇಳ್ಲಿಲ್ಲ ಕಣಪ್ಪ, ಅದಕ್ಕೇ ಈಗ ಕೇಳ್ತಿರೋದು."

ಹೆಂಡ್ತಿ ಹಿಂದೇನೆ ನಿಂತಿದ್ಲು. ಆವತ್ತು ಅವರ ಮನೇಲಿ ಮುದ್ದೆ ಬೇಯ್ಲಿಲ್ಲ.

ಅರವತ್ತು ದಾಟಿದ ಮೇಲೆ ಇವನಿಗೆ ಗಳಿಗೆಗೊಂದ್ಸಲ ಒಂದಕ್ಕೆ ಹೋಗೋದು ಶುರುವಾಯ್ತು. ಕೊಡಿಗೇನಹಳ್ಳಿಯಿಂದ ಮಧುಗಿರಿಗೆ ಬಸ್ಸಲ್ಲಿ ಹೋಗ್ತಾ ಎರಡು ಸಲ ನಿಲ್ಲಿಸ್ದ. ಮೂರನೇ ಸಲಕ್ಕೆ ಕಂಡಕ್ಟರು, "ಯಜಮಾನ್ರೇ, ಟಿಕೆಟ್ ತಗಂಡಿರೋದು ಮಧುಗಿರಿಗೋ, ದಾರೀಲಿರೋ ಬೇಲಿಗೋ?" ಅಂದ.

"ನಿನ್ನ ಬಸ್ಸಿಗೆ ಬ್ರೇಕ್ ಐತೆ, ನನಗಿಲ್ಲ. ನಿಲ್ಸಪ್ಪ."

ಬಸ್ಸೆಲ್ಲಾ ನಕ್ತು. ಎಲ್ಲರಿಗಿಂತ ಜೋರಾಗಿ ನಕ್ಕಿದ್ದು ನಾನೇ. ಅಪ್ಪನಿಗೂ ಇಂಗೇ ಶುರುವಾಗಿತ್ತು ಅನ್ನೋದು ನಗೋವಾಗ ನೆನಪಾಗಬೇಕಿತ್ತಲ್ವಾ?

ಆಮೇಲೆ ಶಾಲೇಲಿ ಆರೋಗ್ಯ ಶಿಬಿರ ಹಾಕಿದ್ರು. ಇವನನ್ನ ನಾನೇ ಎಳ್ಕೊಂಡು ಹೋದೆ. ಚಿಕ್ಕ ವಯಸ್ಸಿನ ಡಾಕ್ಟ್ರಮ್ಮ ಎಲ್ಲ ಕೇಳಿ, "ನಿಮ್ಮ ತಂದೆಗೆ, ಅಣ್ತಮ್ಮಂದಿರಿಗೆ ಯಾರಿಗಾದ್ರೂ ಪ್ರಾಸ್ಟೇಟ್ ಕ್ಯಾನ್ಸರ್ ಇತ್ತಾ? ಇದ್ದಿದ್ರೆ ಈಗಲೇ ಒಂದು ರಕ್ತ ಪರೀಕ್ಷೆ ಬರೀತೀನಿ" ಅಂದ್ಲು.

ನಮ್ಮಪ್ಪ ಸತ್ತಿದ್ದೇ ಅದರಲ್ಲಿ. ಮೂತ್ರದ ಚೀಲ ಬದಲಾಯಿಸ್ತಿದ್ದೋಳು ನಾನು. ಆದ್ರೆ ಮನೇಲಿ ಒಂದು ಕಟ್ಟು: ಹಿರೀಕರಿಗೆ ಅಂಥಾ ಜಾಗದಲ್ಲಿ ಕಾಯಿಲೆ ಬಂದಿತ್ತು ಅಂತ ಹೊರಗೆ ಉಸಿರೆತ್ತಂಗಿಲ್ಲ. ಮಾರ್ನಮೀಲಿ ಅಪ್ಪನಿಗೆ ಎಡೆ ಇಡೋವಾಗ ಬೀಡಿಕಟ್ಟು ಸಮೇತ ಇಡ್ತೀವಿ, ಕಾಯಿಲೆ ಹೆಸರು ಮಾತ್ರ ಯಾರೂ ಎತ್ತಲ್ಲ.

ತಮ್ಮ ನನ್ನ ಮುಖ ನೋಡ್ದ. ನಾನು ಗೋಡೆ ಮೇಲಿನ ಭೂಪಟ ನೋಡ್ದೆ.

"ನಮ್ಮಪ್ಪಂಗಾ? ಏನೂ ಇರ್ಲಿಲ್ಲ ಕಣಮ್ಮ. ವಯಸ್ಸಾಗಿತ್ತು."

ಡಾಕ್ಟ್ರಮ್ಮ ಬರೀ ಗುಳಿಗೆ ಬರೆದು ಕಳಿಸಿದ್ಲು. ಹೊರಗೆ ಬಂದು ನಾನು, "ಸೊಗಸಾಗಿ ಹೇಳ್ದೆ ಕಣ್ಲಾ" ಅಂತ ಬೆನ್ನು ತಟ್ಟಿದೆ. ಆ ಕೈಗೆ ಏನು ಬಂದಿತ್ತೋ.

ಎರಡು ವರ್ಷ ಆದ್ಮೇಲೆ ಸೊಂಟ ನೋವು ಅಂದ. ಟಗರು ಗುದ್ದಿತು ಅಂತ ಟಗರನ್ನೇ ಬೈದ. ತುಮಕೂರಿಗೆ ಕರ್ಕೊಂಡೋದ್ರೆ ಅಪ್ಪಂದೇ ಕಾಯಿಲೆ, ಮೂಳೆಗಿಳಿದಿದೆ ಅಂದ್ರು. ಇನ್ನು ಪೂರ್ತಿ ವಾಸಿ ಆಗಲ್ವಂತೆ, ಇಂಜೆಕ್ಷನ್ ಕೊಟ್ಟು ಹದ್ದುಬಸ್ತಲ್ಲಿ ಇಡಬಹುದಂತೆ. "ಮೊದಲೇ ರಕ್ತ ಪರೀಕ್ಷೆ ಆಗಿದ್ರೆ ಬೇಗ ಸಿಕ್ತಿತ್ತೇನೋ" ಅಂದ್ರು ಅಲ್ಲಿನ ಡಾಕ್ಟ್ರು. ಆ 'ಏನೋ' ಇದೆಯಲ್ಲ, ಅದು ನನ್ನ ಮೇಲಿನ ಕನಿಕರಕ್ಕೆ ಸೇರಿಸಿದ್ದು ಅಂತ ಕಾಣುತ್ತೆ.

ಮೊಮ್ಮಗಳ ಹತ್ರ ಫೋನಲ್ಲಿ ಬರೆಯೋದು ಕಲಿತೆ. ಒಂದು ಸಾಲಿಗೆ ಒಂದು ಲೋಟ ಕಾಫಿ ಆರಿ ಹೋಗುತ್ತೆ. ಮೊದಲು ಬರೆದಿದ್ದು ತಮ್ಮನ ಗಂಡುಮಕ್ಕಳಿಗೆ. "ನಿಮ್ಮ ತಾತಂಗೆ ಪ್ರಾಸ್ಟೇಟ್ ಕ್ಯಾನ್ಸರ್ ಇತ್ತು. ನಿಮ್ಮಪ್ಪಂಗೂ ಅದೇ. ಡಾಕ್ಟ್ರು ಕೇಳಿದ್ರೆ ನಾಚ್ಕೋಬೇಡಿ, ಹೇಳಿ." ದೊಡ್ಡವನು ಹೋಗಿ ರಕ್ತ ಕೊಟ್ಟು ಬಂದ. ಏನೂ ಇಲ್ವಂತೆ. ಚಿಕ್ಕವನು ಇನ್ನೂ ಎತ್ತಿದ ಹೆಬ್ಬೆರಳ ಚಿತ್ರ ಕಳಿಸಿ ಸುಮ್ಮನಿದ್ದಾನೆ, ಅವನನ್ನ ಬುಡಲ್ಲ.

ಹೋದ ವಾರ ತಮ್ಮನ ಮಂಚದ ಪಕ್ಕ ಕೂತು ಕಾಲೊತ್ತುತ್ತಾ ಹೇಳೇಬುಟ್ಟೆ. "ಲೇ, ಆವತ್ತು ನಾನಾದ್ರೂ ಬಾಯಿ ಬುಡಬೇಕಿತ್ತು ಕಣ್ಲಾ."

ಅವನು ಕಣ್ಣು ಮುಚ್ಕಂಡೇ ಅಂದ, "ನೀನು ಹೇಳಿದ್ರೂ ನಾನೆಲ್ಲಿ ಕೇಳ್ತಿದ್ದೆ, ಬುಡಕ್ಕ."

ಅಮ್ಮ ಹೋದಾಗ ಅವನಿಗೆ ನಾಲ್ಕು ವರ್ಷ. ಆವತ್ತಿಂದ ಇವತ್ತಿನ ತಂಕ ನಾನು ಹೇಳಿದ ಒಂದು ಮಾತೂ ಅವನು ಮೀರಿಲ್ಲ.