ದೇವರ ಮಗನ ಹಿಮ್ಮಡ, ನನ್ನ ಹೆಬ್ಬೆಟ್ಟು

ವಯಸ್ಸಾದ ಮ್ಯಾಲೆ ಮನುಷ್ಯಾ ಪೂರ್ತಿ ಹಾಳಾದ್ರ ಚಲೋ. ಮಂದಿ ತಾವಾಗೇ ತಿಳ್ಕೊಂಡು ಒಂದು ಮೂಲ್ಯಾಗ ಕುಂದ್ರಿಸಿ ಎರಡು ಹೊತ್ತು ರೊಟ್ಟಿ ಕೊಡ್ತಾರ. ಒಂದು ಕಡೆ ಅಷ್ಟ ಕೆಟ್ಟು ಉಳಿದದ್ದೆಲ್ಲಾ ನೆಟ್ಟಗ ಇದ್ರ ಭಾಳ ತ್ರಾಸು, ಯಾಕಂದ್ರ ಅದನ್ನ ಮುಚ್ಚಿಡಬೇಕು ಅನ್ನೂ ಆಸೆ ಹುಟ್ಟತೈತಿ. ನನ್ನ ಕಣ್ಣು ಚಲೋ ಅದಾವ. ಮೊಣಕಾಲು ಹಿಡಿಯೂದಿಲ್ಲ. ಕಟಿ ರೊಟ್ಟಿ ನೀರಿಗೆ ಅದ್ದದೆ ತಿಂತೇನಿ. ಕೆಟ್ಟದ್ದು ಬಲಗೈ ಹೆಬ್ಬೆಟ್ಟೊಂದು. ಅದು ನಡಗತೈತಿ. ಮಗಳನ್ನ ಮಾತಾಡಿಸಿ ಬರ್ತೇನಿ ಅಂತ ಸುಳ್ಳು ಹೇಳಿ ಇಳಕಲ್‌ದಿಂದ ಬಸ್ ಹತ್ತಿ ಬಾಗಲಕೋಟಿ ದವಾಖಾನಿಗೆ ಹೋಗಿ ತೋರಿಸಿದೆ. ಡಾಕ್ಟರು ಎಳೇ ಹುಡುಗ. ನನ್ನ ಕೈ ತಿರುಗಿಸಿ ಮುರುಗಿಸಿ ನೋಡಿ, ಇನ್ನ ಆರಾಮ ಇರ್ರಿ ಅಜ್ಜಿ ಅಂದ. ಆರಾಮ ಇರ್ರಿ ಅಂದ್ರ ವಾಸಿ ಆಗೂದಿಲ್ಲ ಅಂತ. ನಾಕನೇ ಇಯತ್ತೆ ತನಕ ಅಷ್ಟ ಸಾಲಿ ಕಲ್ತಾಕಿ ನಾನು, ಆದ್ರೂ ಇಷ್ಟು ತಿಳಿತೈತಿ. ನಡುಗೂ ಕೈಲೆ ಇದನ್ನ ಹೆಂಗ ಬರದಿ ಅಂತ ಕೇಳಬ್ಯಾಡ್ರಿ. ಅಕ್ಷರ ಸೊಟ್ಟ ಆದ್ರ ಯಾರೂ ಅದನ್ನ ಉಟ್ಕೊಂಡು ಮದವಿಗೆ ಹೋಗೂದಿಲ್ಲ.

ಒಂದು ಹೆಬ್ಬೆಟ್ಟಿಗೆ ಇಷ್ಟ್ಯಾಕ ಅಳ್ತಾಳಿಕಿ ಅಂತೀರಿ. ನಮ್ಮ ಇಳಕಲ್ ಸೀರಿ ಮೈ ಬ್ಯಾರೆ, ಸೆರಗು ಬ್ಯಾರೆ. ಮೈಗೆ ಹತ್ತಿ ನೂಲಿನ ಹಾಸು, ಸೆರಗಿಗೆ ಕೆಂಪು ರೇಷ್ಮಿ ಹಾಸು. ನೇಯೂಕ್ಕಿಂತ ಮೊದಲ ಹತ್ತಿ ಎಳಿಗೆ ರೇಷ್ಮಿ ಎಳಿ ಕುಣಿಕಿ ಹಾಕಿ ಒಂದೊಂದಾಗಿ ಸಿಗಿಸಬೇಕು. ತೆನಿ ಜೋಡಸೂದು ಅಂತೀವಿ ಇದಕ್ಕ. ಸಾವಿರಾರು ಕುಣಿಕಿ. ಹೆಬ್ಬೆಟ್ಟು ಒಂದು ಕೂದಲೆಳಿಯಷ್ಟು ಸರಿದ್ರ ಕುಣಿಕಿ ಜಾರತೈತಿ, ಕುಣಿಕಿ ಜಾರಿದ್ರ ಸೆರಗು ಸೀಳತೈತಿ. ನಮ್ಮ ಓಣ್ಯಾಗ ನನ್ನಂಗ ತೆನಿ ಜೋಡಸಾಕಿ ಇನ್ನೊಬ್ಬಾಕಿ ಇರಲಿಲ್ಲ. ಗುಡೂರಿಂದ ಸುದ್ದಾ ಕರಿಯಾಕ ಬರ್ತಿದ್ರು, ನಾ ಎರಡು ಸಲ ಇಲ್ಲ ಅಂದು ಮೂರನೇ ಸಲ ಹೋಗ್ತಿದ್ದೆ.

ಇಲ್ಲೊಂದು ಖರೆ ಹೇಳಿಬಿಡ್ತೇನಿ. ಈ ಕೆಲಸ ನಾ ಸೊಸಿಗೆ ಕಲಸಲಿಲ್ಲ. ಸೊಸಿ ಕಮಲವ್ವ, ಮಗ್ಗ ನೇಯಾಕಿ ಆಕಿನ. ಮದವಿ ಆಗಿ ಬಂದ ಹೊಸತರಾಗ, ಅತ್ತಿ ನಾನೂ ತೆನಿ ಕಲೀತೇನಿ ಅಂದ್ಲು. ಕೈ ತೋರಸು ಅಂದೆ. ತೋರಿಸಿದ್ಲು. ಬೆರಳು ದಪ್ಪ ಅದಾವ, ನಿನಗ ಬರೂದಿಲ್ಲ ಬಿಡು ಅಂದೆ. ಆಕಿ ಬೆರಳು ನನ್ನವಕ್ಕಿಂತ ಸಣ್ಣು ಇದ್ವು. ಆಕಿಗೂ ಅದು ಕಾಣತಿತ್ತು. ಆದ್ರ ಕುಣಿಮಗ್ಗದಾಗ ಇಳದು ಕಾಲು ಬಿಟ್ಕೊಂಡು ಕುಂತ್ಲು. ನನ್ನ ಲೆಕ್ಕ ಇಷ್ಟ: ಆಕಿಗೂ ಬಂದ್ರ ಮುಂಜಾನಿ ಮೊದಲನೇ ಚಾ ನನಗ್ಯಾಕ ಕೊಡ್ತಾರ?

ಹಿಂಗಿದ್ದಾಗ ನಮ್ಮ ಮನಿಗೆ ಗ್ರೀಸ್ ದೇಶ ಬಂತು. ತಂದಾಕಿ ಕಮಲವ್ವನ ಮಗಳು, ನನ್ನ ಮೊಮ್ಮಗಳು ರೇಣುಕಾ. ಆಕಿ ಹುನಗುಂದದ ಕಾಲೇಜಿಗೆ ದಿನಾ ಬಸ್ಸಿನ್ಯಾಗ ಹೋಗ್ತಾಳ. ಆ ದೇಶದ ಹಳೇ ವೀರರ ಕಥಿ ಒಂದು ವರ್ಗದಾಗ ನಿಂತು ಹೇಳಬೇಕಂತ. ರೂಢಿ ಆಗ್ಲಿ ಅಂತ ನನ್ನ ಮುಂದ ಹೇಳಾಕ ಹತ್ತಿದ್ಲು, ನಾ ತೆನಿ ಮುಂದ ಕುಂತಿರತಿದ್ದೆ, ಓಡಿ ಹೋಗಾಕ ಬರೂಹಂಗಿರಲಿಲ್ಲ. ಅವರ ಹೆಸರು ಒಂದೂ ನನ್ನ ನಾಲಗಿಗೆ ಹೊಂದಲಿಲ್ಲ. ಹಂಗಾಗಿ ಸಗಣಿಯವ, ದಾರದವ, ಹಿಮ್ಮಡದವ ಅಂತ ಇಟ್ಕೊಂಡೇನಿ. ಸಗಣಿಯವ ಅಂದ್ರ ಭಾಳ ಶಕ್ತಿವಂತ. ಯಾರೋ ರಾಜನ ದನದ ಹಕ್ಕಿ, ಅಂದ್ರ ಕೊಟ್ಟಿಗಿ, ವರ್ಷಾನುಗಟ್ಟಲೆ ಬಳದಿರಲಿಲ್ಲಂತ, ಇಂವ ಹೊಳಿ ತಿರುಗಿಸಿ ಒಂದ ದಿನದಾಗ ತೊಳದ್ನಂತ. ಅದಕ್ಕ ಅಂವ ದೊಡ್ಡಾಂವ. ನಮ್ಮ ತವರಾಗ ನಾ ಹನ್ನೆರಡು ವರ್ಷ ಹಕ್ಕಿ ಬಳದೇನಿ, ಯಾರೂ ಕಥಿ ಕಟ್ಟಲಿಲ್ಲ. ದಾರದವಂದು ಇನ್ನೂ ಚಂದ. ಹೊಕ್ಕವರು ಹೊರಗ ಬರದಂಥಾ ಸುತ್ತಾಮುತ್ತಾ ಓಣಿಯೊಳಗ ಹೋಗಿ ರಾಕ್ಷಸನ್ನ ಕೊಂದು, ಹುಡುಗಿ ಕೊಟ್ಟ ನೂಲಿನ ಉಂಡಿ ಹಿಡ್ಕೊಂಡು ಹೊರಗ ಬಂದ್ನಂತ. ಆಮ್ಯಾಲ ಆ ಹುಡುಗಿನ್ನ ನಡುನೀರಾಗಿನ ಗುಡ್ಡದ ಮ್ಯಾಲ ಬಿಟ್ಟು ಹೋದ್ನಂತ. ನೂಲು ಕೊಟ್ಟಾಕಿಗೆ ಏನು ಸಿಕ್ತು ಅಂತ ಕೇಳಿದೆ. ರೇಣುಕಾ ಪುಸ್ತಕ ಹಿಂದ ಮುಂದ ತಿರುವಿದ್ಲು, ಅದು ಪರೀಕ್ಷಾಕ್ಕಿಲ್ಲ ಆಯಿ ಅಂದ್ಲು.

ಇವರೆಲ್ಲಾ ಅರ್ಧ ದೇವರಂತ. ಅಪ್ಪ ದೇವರು ಇದ್ರ ಅವ್ವ ಮನುಷ್ಯಾಳು, ಅವ್ವ ದೇವತಿ ಇದ್ರ ಅಪ್ಪ ಮನುಷ್ಯಾ. "ಅಂದ್ರ ಇಳಕಲ್ ಸೀರಿ ಅನ್ನು. ಅದು ಹರಿಯೂದೂ ಜೋಡಿಸಿದ ಜಾಗಾದಾಗನ" ಅಂದೆ. ರೇಣುಕಾಗ ಭಾಳ ಹಿಡಿಸ್ತು, ವಹಿಯಾಗ ಬರಕೊಂಡ್ಲು. ನನಗ ಬಾದಾಮಿ ನೆನಪಾತು. ಅಲ್ಲಿ ಗವಿ ಬಾಗಲಾಗ ಹದಿನೆಂಟು ಕೈಯಿನ ಶಿವ ಕುಣೀತಾನ. ಲಗ್ನಾದ ಹೊಸತರಾಗ ನೋಡಿ ಕೈ ಮುಗದು ಬಂದಿದ್ದೆ. ಈಗ ಹೋದ್ರ ಒಂದು ಕೈ ಕೇಳತಿದ್ದೆ, ಎಡಗೈ ಕೊಟ್ರೂ ನಡೀತಿತ್ತು.

ಕಡೀಕ ಬಂದಾಂವ ಹಿಮ್ಮಡದವ. ಅವನ ಅವ್ವ ದೇವತಿ. ಮಗಗ ಸಾವು ತಟ್ಟಬಾರದು ಅಂತ ಕೂಸನ್ನ ಒಂದು ಹೊಳಿಯಾಗ ಅದ್ದಿದ್ಲಂತ. ಹಿಮ್ಮಡ ಹಿಡದು ತಲಿಕೆಳಗ ಮಾಡಿ ಅದ್ದಿದ್ಲು, ಹಿಡದ ಜಾಗಾಕ್ಕ ನೀರು ಮುಟ್ಟಲಿಲ್ಲ. ಮುಂದ ದೊಡ್ಡ ಯುದ್ಧದಾಗ ಬಾಣ ಅಲ್ಲೇ ನಟ್ಟು ಸತ್ತ. ನನಗ ನಗು ತಡಿಯಾಕ ಆಗಲಿಲ್ಲ. ನನ್ನ ಗಂಡ ಇರೂತನಕ ನಮ್ಮ ಹಿತ್ತಲದಾಗ ನೂಲಿಗೆ ಬಣ್ಣ ಹಾಕತಿದ್ವಿ. ನೂಲಿನ ಲಡಿ ಬಣ್ಣದ ಹಂಡೇದಾಗ ಬಿಟ್ರ ಕೈ ಹಿಡದ ಜಾಗಾ ಬೆಳ್ಳಗ ಉಳಿತೈತಿ, ಅದಕ್ಕ ತಿರುವಿ ಇನ್ನೊಂದು ಕಡೆ ಹಿಡದು ಮತ್ತ ಅದ್ದಬೇಕು. ಎಂಟು ವರ್ಷದ ಹುಡುಗಿಗೂ ಗೊತ್ತಿರತೈತಿ. "ಆ ದೇವತಿನ ನಮ್ಮ ಹಿತ್ತಲಕ್ಕ ಕರಕೊಂಡು ಬಾ. ಎರಡು ದಿನ ಬಣ್ಣ ಹಾಕೂದು ಕಲಸಿ ಕಳಸ್ತೇನಿ" ಅಂದೆ.

ರೇಣುಕಾ ನಗಲಿಲ್ಲ. ನನ್ನ ಕೈ ನೋಡಾಕ ಹತ್ತಿದ್ಲು. ನಾ ಕೈ ಸೆರಗಿನ್ಯಾಗ ಎಳಕೊಂಡೆ.

ಅವತ್ತು ಉಂಡು ಮಲಗಿದ್ರ ನಿದ್ದಿ ಹತ್ತಲಿಲ್ಲ. ನಸುಕಿನ್ಯಾಗ ನೀರು ಕುಡಿಯೂಣು ಅಂತ ಎದ್ದೆ. ಮಗ್ಗದ ಕ್ವಾಣಿ ಬಾಗಲಾ ಅರ್ಧ ತಗದಿತ್ತು. ತಾಯಿ ಮಗಳು ಇಬ್ರೂ ನಾ ಮುಂಜಾನಿ ಜೋಡಿಸಿದ ತೆನಿ ಮ್ಯಾಲ ಬಗ್ಗಿದ್ರು. ರೇಣುಕಾ ಎಳಿ ಆರಿಸಿ ಕೊಡತಿದ್ಲು, ಕಮಲವ್ವ ನನ್ನ ಕುಣಿಕಿ ಬಿಚ್ಚಿ ಬಿಚ್ಚಿ ಹೊಸಾವು ಹಾಕತಿದ್ಲು. ಒಂದು, ಎರಡು, ಮೂರು, ನೋಡಾಕ ಹತ್ತಿದ್ರ ಕಣ್ಣಿಗೆ ಬೆರಳು ಕಾಣೂದಿಲ್ಲ, ಅಷ್ಟು ಚುರುಕು.

"ಎಷ್ಟ ದಿನ ಹಿಂಗ ಮಾಡ್ತಿಬೇ ಅವ್ವಾ? ಆಯಿಗೆ ಹೇಳಿಬಿಡು" ಅಂದ್ಲು ರೇಣುಕಾ.

"ಎರಡ ವರ್ಷ ಆತು ಮಾಡಾಕ ಹತ್ತಿ. ಈಗ ಹೇಳಿ ಏನು ಸಿಗತೈತಿ? ಆಕಿ ಇದೊಂದರ ಮ್ಯಾಲ ಕುಂತಾಳ, ಕುಂದರಲಿ ಬಿಡು. ಲಗೂನ ಎಳಿ ಕೊಡು, ಆಕಿ ಏಳೂ ಹೊತ್ತಾತು."

ನೀರು ಕುಡೀದೆ ಹಾಸಿಗಿಗೆ ಹೋದೆ. ಎರಡು ವರ್ಷ. ನಾ ಬಾಗಲಕೋಟಿಗೆ ಹೋಗಿ ಬಂದು ಇನ್ನೂ ಆರು ತಿಂಗಳಾಗಿಲ್ಲ. ನನ್ನ ಕೈ ನಡಗತೈತಿ ಅಂತ ನನಗಿಂತ ಮೊದಲ ಆಕಿಗೆ ಗೊತ್ತಿತ್ತು. ಕಲಿಸಿದವರು ಯಾರು? ಕುಣಿಮಗ್ಗದಾಗ ಕುಂತು ಇಪ್ಪತ್ತು ವರ್ಷ ನನ್ನ ಬೆರಳು ನೋಡಿ ನೋಡಿ ಕಲ್ತಾಳ, ದಪ್ಪ ಬೆರಳಿನಾಕಿ. ಬೈಯೂಣು ಅಂದ್ರ ಎದಕ್ಕ ಅಂತ ಬೈಲಿ? ಕುಣಿಕಿ ಸರಿ ಇರಲಿಲ್ಲ ಅಂತ ಬೈಯಾಕೂ ಬರೂಹಂಗಿಲ್ಲ, ನನ್ನವಕ್ಕಿಂತ ಗಟ್ಟಿ ಇದ್ವು. ಹಿಡದ ಜಾಗಾಕ್ಕ ಬಣ್ಣ ಹತ್ತೂದಿಲ್ಲ ಅಂತ ಆ ದೇವತಿಗೆ ಬುದ್ಧಿ ಹೇಳಾಕ ಹೊಂಟಿದ್ದೆ ನಾನು. ನಾ ಇಡೀ ಮನಿನ್ನ ಒಂದ ಹೆಬ್ಬೆಟ್ಟಿನಾಗ ಹಿಡದು, ಒಂದ ಸಲನೂ ತಿರುವಿ ಹಿಡೀಲಿಲ್ಲ.

ಹಿಮ್ಮಡದವ ಪುಣ್ಯಾತ್ಮ. ಬಾಣ ನಟ್ಟ ದಿನಾನ ಸತ್ತ, ಮಂದಿ ಅತ್ತರು, ಕಥಿ ಆತು. ನನಗ ಬಾಣ ನಟ್ಟು ಎರಡು ವರ್ಷ ಆಗೇತಿ, ಮನ್ಯಾಗ ಯಾರೂ ಹೇಳಿಲ್ಲ, ಚಾ ಮಾತ್ರ ಮೊದಲ ನನಗ ಬರತೈತಿ. ಬ್ಯಾಡಾಗಿದ್ರೂ ಅದನ್ನ ಪೂರ್ತಿ ಕುಡೀತೇನಿ. ಬ್ಯಾಡ ಅಂದ್ರ ಯಾಕ ಅಂತ ಕೇಳ್ತಾರ.

ಇವತ್ತೂ ಮುಂಜಾನಿಯಿಂದ ತೆನಿ ಮುಂದ ಕುಂತು ಜೋಡಿಸಿದೆ. ಕಮಲವ್ವ ಬಂದು ನೋಡಿ, ಚಲೋ ಆಗೇತಿ ಅತ್ತಿ ಅಂದ್ಲು. ಆಗದೆ ಏನು, ಯಾರ ಕೈ ಅಂತ ಗತ್ತಿನಿಂದ ಅಂದೆ. ಈಗ ಇನ್ನೂ ಬಿಸಲು ಅಂಗಳ ದಾಟಿಲ್ಲ, ಹಸಿವಿ ಇಲ್ಲ, ನಿದ್ದಿ ಇಲ್ಲ. ಆದ್ರ ಇವತ್ತು ಕುಣಿಕಿ ದಿನಕ್ಕಿಂತ ಭಾಳ ಜಾರ್ಯಾವ. ಲಗೂನ ಉಂಡು ಮಲಗಬೇಕು. ಪಾಪ, ಆಕಿಗೆ ಎಲ್ಲಾ ಬಿಚ್ಚಿ ಕಟ್ಟಾಕ ಹೊತ್ತು ಸಾಲಬೇಕಲ್ಲ.