ನೂರರಲ್ಲಿ ಒಂದು ಡಬ್ಬಿ

ಎಲ್ಲದಕ್ಕೂ ಕಾರಣ ಒಂದು ರದ್ದಿ ಹಾಳೆ. ದಾಂಡೇಲಿಯಲ್ಲಿ ಕಾಗದ ಮಾಡುವವರಿಗೆ ಬರವಿಲ್ಲ. ಆದರೆ ಕುಲ್ಫಿ ಸುತ್ತಿ ಕೊಡಲು ತಂದ ಹಳೆಯ ಕಾಗದವನ್ನು ಗಿರಾಕಿಯನ್ನು ನಿಲ್ಲಿಸಿಕೊಂಡು ಓದುವವನು ಕುಲ್ಫಿ ಈರೇಶ ಒಬ್ಬನೇ. ಯಾವುದೋ ಸಾಮಾನ್ಯ ಜ್ಞಾನದ ಪುಸ್ತಕದಿಂದ ಕಿತ್ತು ಬಂದಿದ್ದ ಆ ಹಾಳೆಯ ಮೇಲೆ ದಪ್ಪ ಅಕ್ಷರದಲ್ಲಿ ಹೀಗಿತ್ತು: ನ್ಯೂಜಿಲೆಂಡ್ ನೌಕಾಯಾನದ ಮೊದಲುಗಳು ಮತ್ತು ದಾಖಲೆಗಳು.

ಕಾಳಿ ಹೊಳೆ ಬಿಟ್ಟರೆ ಬೇರೆ ನೀರು ಕಾಣದ ಈರೇಶನಿಗೆ ಆ ದ್ವೀಪದ ದೇಶ ಎಲ್ಲಿದೆಯೋ ಗೊತ್ತಿರಲಿಲ್ಲ. ಆದರೆ ಓದುತ್ತ ಹೋದಂತೆ ಅವನ ಕೈಯಲ್ಲಿದ್ದ ಕುಲ್ಫಿ ಮೊಣಕೈಗೆ ಇಳಿಯಿತು. ಸಾವಿರದ ಎಂಟುನೂರಾ ಎಂಬತ್ತೆರಡರಲ್ಲಿ ಡ್ಯುನೆಡಿನ್ ಎಂಬ ಹಾಯಿ ಹಡಗು, ಆ ದೇಶದಿಂದ ಮೊಟ್ಟಮೊದಲ ಬಾರಿಗೆ ಹೆಪ್ಪುಗಟ್ಟಿಸಿದ ಮಾಂಸ ತುಂಬಿಕೊಂಡು ಲಂಡನ್ನಿಗೆ ಹೊರಟಿತ್ತು. ತೊಂಬತ್ತೆಂಟು ದಿನದ ದಾರಿ. ನಡುವೆ ಸುಡುವ ಸೆಕೆ. ತಂಪು ಗಾಳಿ ಸರಿಯಾಗಿ ಆಡುತ್ತಿಲ್ಲವೆಂದು ಕಪ್ತಾನನೇ ಗಾಳಿಯ ಕೊಳವೆಯೊಳಗೆ ತೆವಳಿ ಹೋಗಿ ಮರಗಟ್ಟಿದ. ಕಾಲಿಗೆ ಹಗ್ಗ ಕಟ್ಟಿ ಅವನನ್ನು ಹೊರಗೆಳೆದರು. ಇಷ್ಟಾಗಿ, ಸುಮಾರು ಐದು ಸಾವಿರ ಕುರಿಗಳಲ್ಲಿ ಕೆಟ್ಟದ್ದು ಒಂದೇ ಒಂದು.

ಕುರಿಯ ಮಾತು ಬಂದಾಗ ಈರೇಶ ಮನಸ್ಸಿನಲ್ಲೇ ಶಿವನ ಕ್ಷಮೆ ಕೇಳಿದ. ಅದೇ ಹಡಗಿನಲ್ಲಿ ಬೆಣ್ಣೆಯೂ ಇತ್ತೆಂದು ಕೆಳಗೆ ಓದಿ ಸಮಾಧಾನವಾಯಿತು. ಹಾಳೆಯನ್ನು ಮಡಚಿ ಅಂಗಿಯ ಕಿಸೆಗೆ ಇಟ್ಟುಕೊಂಡ.

ಅವನಿಗೆ ಈ ಹಡಗು ಇಷ್ಟು ಹತ್ತಿರವಾಗಲು ಕಾರಣ ಅವನ ಮಾವ ನಾಗಲಿಂಗಪ್ಪನವರು. ಹೋದ ವರ್ಷ ಹಳಿಯಾಳದಲ್ಲಿ ಅವರ ಹೊಸಮನೆಯ ಪೂಜೆಗೆ ಈರೇಶ ತಾನೇ ಮಾಡಿದ ಕುಲ್ಫಿ ಒಯ್ದಿದ್ದ. ದಾರಿಯಲ್ಲಿ ಬಸ್ಸು ಕೆಟ್ಟಿತು, ಕುಲ್ಫಿ ನೀರಾಯಿತು. ಮಾವ ಇನ್ನೂರು ಜನರ ಎದುರು ತಟ್ಟೆಯನ್ನೇ ಎತ್ತಿ ಕುಡಿದು, ಮೀಸೆ ಒರೆಸಿಕೊಂಡು, "ಅಳಿಯಂದ್ರು ಕೇಸರಿ ಹಾಲ ಭಾಳ ಚಲೋ ತಂದಾರ" ಎಂದಿದ್ದರು. ಅಂದಿನಿಂದ ಮಾವನ ಕಡೆಯ ನೆಂಟರೆಲ್ಲ ಅವನನ್ನು ಕರೆಯುವುದೇ ಕೇಸರಿ ಹಾಲಿನ ಈರೇಶ ಎಂದು. ಹತ್ತೊಂಬತ್ತು ವರ್ಷ ಕುಲ್ಫಿ ಮಾಡಿದವನಿಗೆ ಇದಕ್ಕಿಂತ ಅವಮಾನ ಬೇರೆ ಬೇಕೆ?

ಇವತ್ತು ಬಸುರಿ ನಾದಿನಿಯ ಕುಬಸ. ಮೌಳಂಗಿಯ ಹತ್ತಿರ, ಹೊಳೆಯ ಆಚೆ ದಂಡೆಯಲ್ಲಿ ಅವಳ ಗಂಡನ ಮನೆ. ಹೆಂಡತಿ ಉಮಾಶ್ರೀ ಹಿಂದಿನ ದಿನವೇ ಹೋಗಿದ್ದಳು. ಹೋಗುವಾಗ, "ಈ ಸಲ ಪೇಢೆ ತರ್ರಿ ಸಾಕು. ಪೇಢೆ ಕರಗೂದಿಲ್ಲ" ಎಂದಿದ್ದಳು.

"ಕುಲ್ಫಿನ ತರ್ತೇನಿ. ಗಟ್ಟಿ ಕುಲ್ಫಿನ ನಿಮ್ಮಪ್ಪಾರ ತಟ್ಟಿಗೆ ಇಡ್ತೇನಿ" ಎಂದಿದ್ದ ಈರೇಶ.

ಸಾಮಿಲ್ಲಿನಿಂದ ತಂದ ಹಲಗೆಯಲ್ಲಿ ಪೆಟ್ಟಿಗೆಯೊಳಗೊಂದು ಪೆಟ್ಟಿಗೆ ಮಾಡಿಸಿದ. ಎರಡರ ನಡುವೆ ಮರದ ಹೊಟ್ಟು ಗಿಡಿದ. ಒಳಗೆ ಪುಡಿ ಮಾಡಿದ ಬರ್ಫ, ಅದಕ್ಕೆ ಧಾರಾಳವಾಗಿ ಹರಳುಪ್ಪು. ಉಪ್ಪು ಬಿದ್ದಷ್ಟೂ ಬರ್ಫ ಕೊರೆಯುತ್ತದೆ. ಅದರ ನಡುವೆ ನೂರು ತಗಡಿನ ಡಬ್ಬಿ. ಒಂದೊಂದರ ಮುಚ್ಚಳಕ್ಕೂ ಉಪ್ಪುನೀರು ಒಳಗೆ ಹೋಗದಂತೆ ನಾದಿದ ಹಿಟ್ಟು ಮೆತ್ತಿದ. ಮಾವನ ಡಬ್ಬಿಗೆ ಕೆಂಪು ದಾರ ಕಟ್ಟಿ, ಎಲ್ಲಕ್ಕಿಂತ ತಂಪಾದ ತಳದ ನಟ್ಟನಡುವೆ ಇಟ್ಟ. ಉಳಿದ ಲಿಂಬೆಹಣ್ಣಿನಷ್ಟು ಹಿಟ್ಟನ್ನು ಬಟ್ಟೆಯಲ್ಲಿ ಕಟ್ಟಿಕೊಂಡ.

ಪಕ್ಕದ ಮನೆಯ ಗೋದುಬಾಯಿ ಬಾಗಿಲಿಗೇ ಅಡ್ಡ ನಿಂತಳು.

"ತಮ್ಮಾ, ಮಾವಂದು ಯಾವ್ದು?"

"ಕೆಂಪು ದಾರದ್ದು, ಅಕ್ಕಾರ."

"ತಗದ ತೋರ್ಸು. ಗಟ್ಟಿ ಆಗೇತಿಲ್ಲೋ ನೋಡೂಣು. ಹೋದ ಸಲ ನೋಡದ ಕಳಿಸಿ ನನ್ನ ಜೀವಕ್ಕ ಸಮಾಧಾನ ಇಲ್ಲ."

ಹೋದ ಸಲ ಅವಳು ಊರಲ್ಲೇ ಇರಲಿಲ್ಲ. ಆದರೂ ಗೋದುಬಾಯಿಯೊಡನೆ ವಾದ ಮಾಡುವುದಕ್ಕಿಂತ ಡಬ್ಬಿ ತೆಗೆಯುವುದು ಬೇಗ ಮುಗಿಯುವ ಕೆಲಸ. ಹಿಟ್ಟು ಕಿತ್ತ, ತೋರಿಸಿದ. ಅವಳು ಬೆರಳಿಂದ ಒತ್ತಿ, "ಗಟ್ಟಿ ಐತಿ" ಎಂದು ತೀರ್ಪು ಕೊಟ್ಟಳು. ಈರೇಶ ಅರ್ಧ ಹಿಟ್ಟು ಖರ್ಚು ಮಾಡಿ ಮತ್ತೆ ಮೆತ್ತಿದ.

ಎದುರು ಮನೆಯ ಉದಯಕುಮಾರ ಕಾಗದದ ಮಿಲ್ಲಿನಿಂದ ನಿವೃತ್ತನಾಗಿ ಈಗ ಆಟೋ ಓಡಿಸುತ್ತಿದ್ದ. ಪೆಟ್ಟಿಗೆ ಹೇರಿಕೊಂಡು ಹೊರಟವನು ಸೇತುವೆಯ ಬಾಯಲ್ಲಿ ಗಕ್ಕನೆ ನಿಲ್ಲಿಸಿದ. ಬಿದಿರು ತುಂಬಿದ ಲಾರಿಯೊಂದು ಅಚ್ಚು ಮುರಿದು, ಸೇತುವೆಗೆ ಅಡ್ಡಲಾಗಿ ಮಲಗಿದ ಎಮ್ಮೆಯ ಹಾಗೆ ಕೂತಿತ್ತು.

"ಇನ್ನ ಎರಡ ತಾಸು" ಎಂದ ಉದಯಕುಮಾರ. "ಅಲ್ಲೀತನಕ ಗಟ್ಟಿ ಇರ್ತದೇನು? ಮಾವಂದ ಒಮ್ಮೆ ನೋಡೂಣು ತಗೀ."

"ಈಗರ ನೋಡೇವಲ್ಲೋ ಮಾರಾಯ."

"ಅದು ಗೋದಕ್ಕ ನೋಡ್ಯಾಳ. ನಾ ಎಲ್ಲಿ ನೋಡೇನಿ? ಮೂವತ್ತ ವರ್ಷ ಮಿಲ್ಲಿನ್ಯಾಗ ಮಾಲ ಚೆಕ್ ಮಾಡಿದಾಂವ ನಾನು."

ಅವನೂ ನೋಡಿದ. ಉಳಿದ ಹಿಟ್ಟೂ ಮುಗಿಯಿತು. ಈರೇಶ ಹೊಳೆಯ ಕಡೆ ನೋಡಿದ. ಕೆಳಗೆ ದಂಡೆಯಲ್ಲಿ ತುಳಸಿರಾಮ ಪ್ರವಾಸಿಗರಿಗಾಗಿ ಹರಿಗೋಲು ಹಚ್ಚಿ ಕಾಯುತ್ತಿದ್ದ. ಈರೇಶ ಕಿಸೆಯಲ್ಲಿದ್ದ ಹಾಳೆಯನ್ನು ಮುಟ್ಟಿಕೊಂಡ.

"ಇಳಸು ಪೆಟಗಿ" ಎಂದ. "ಕಾಳಿ ಹೊಳ್ಯಾಗ ಕುಲ್ಫಿ ದಾಟಿಸಿದ ಮೊದಲನೇ ಮನಷ್ಯಾ ನಾನ ಆಗಾಂವ."

ತುಳಸಿರಾಮನಿಗೆ ಅವಸರವಿತ್ತು. "ಲಗೂ ಹತ್ರಿ. ಮ್ಯಾಲಿನ ಡ್ಯಾಮಿಂದ ಕರೆಂಟ್ ತಗಿಲಿಕ್ಕೆ ನೀರ ಬಿಡೂ ಹೊತ್ತಾತು. ನೀರ ಏರಿದ್ರ ಹರಿಗೋಲು ನನ್ನ ಮಾತ ಕೇಳೂದಿಲ್ಲ."

ನಡು ಹೊಳೆಗೆ ಬರುವುದಕ್ಕೂ ನೀರು ಏರುವುದಕ್ಕೂ ಸರಿಹೋಯಿತು. ಹರಿಗೋಲು ಬೀಸುವ ಕಲ್ಲಿನಂತೆ ಗರಗರ ತಿರುಗತೊಡಗಿತು. ಈರೇಶನಿಗೆ ಒಮ್ಮೆ ದಾಂಡೇಲಿ ಕಾಣಿಸಿತು, ಒಮ್ಮೆ ಮೌಳಂಗಿ, ಮತ್ತೆ ದಾಂಡೇಲಿ. ಎರಡೂ ಕೈಯಿಂದ ಹರಿಗೋಲಿನ ಅಂಚು ಹಿಡಿದ. ಆದರೆ ಜೀವದ ಭಯಕ್ಕಿಂತ ದೊಡ್ಡ ಭಯವೊಂದು ಎದೆಯಲ್ಲಿ ಎದ್ದಿತು. ಈ ಕುಲುಕಾಟಕ್ಕೆ, ಈ ಬಿಸಿಲಿಗೆ, ಕೆಂಪು ದಾರದ್ದು ಕರಗಿದ್ದರೆ?

"ಒಂದ ಸಲ ನೋಡ್ತೇನಿ" ಎಂದ.

"ಹೊಳ್ಯಾಗೇನ್ ನೋಡ್ತೀರಿ? ಸುಮ್ನ ಕುಂಡ್ರರಿ" ಎಂದ ತುಳಸಿರಾಮ.

ಅಷ್ಟರಲ್ಲಿ ಈರೇಶ ಪೆಟ್ಟಿಗೆಯ ಮುಚ್ಚಳ ತೆಗೆದು ತಲೆಕೆಳಗಾಗಿ ಸೊಂಟದವರೆಗೆ ಒಳಗಿಳಿದಿದ್ದ. ಬರ್ಫದಲ್ಲಿ ಕೈಯಾಡಿಸಿ ಕೆಂಪು ದಾರ ಹುಡುಕಿ, ಅಲ್ಲೇ ಮುಚ್ಚಳ ಬಿಚ್ಚಿ ಬೆರಳಿಟ್ಟು ನೋಡಿದ. ಕಲ್ಲು! ಆನಂದದಿಂದ ಮುಚ್ಚಳ ಹಾಕಿ ಏಳಲು ಹೋದರೆ ಭುಜ ಸಿಕ್ಕಿಹಾಕಿಕೊಂಡಿತು. ಕಿವಿ ಮರಗಟ್ಟಿತು, ಮೂಗು ಇದೆಯೋ ಇಲ್ಲವೋ ತಿಳಿಯಲಿಲ್ಲ. ಒಳಗಿನಿಂದ ಬಂದ ಕೂಗು ಕೇಳಿ ತುಳಸಿರಾಮ ಹುಟ್ಟು ಬಿಟ್ಟು, ಎರಡೂ ಕಾಲು ಹಿಡಿದು, ಬಾವಿಯಿಂದ ಕೊಡ ಎಳೆದ ಹಾಗೆ ಎಳೆದ. ಈರೇಶ ಹೊರಬಿದ್ದ. ಪೆಟ್ಟಿಗೆ ಒಮ್ಮೆ ವಾಲಿ ನೆಟ್ಟಗಾಯಿತು.

ಹುಬ್ಬಿನ ಮೇಲೆ ಬರ್ಫ ಹೊತ್ತ ಈರೇಶ ಹಲ್ಲು ಕಟಕಟಿಸುತ್ತಲೇ ನಕ್ಕ. "ಆ ಹಡಗದ ಕಪ್ತಾನಗೂ ಹಿಂಗ ಆಗಿತ್ತು, ತುಳಸಿರಾಮಣ್ಣ. ಕಾಲ ಹಿಡದ ಎಳದಿದ್ರಂತ."

"ಅಂವಗೂ ಹೇಳಿದ್ದ ತಿಳೀತಿರಲಿಲ್ಲೇನ್ರಿ?" ಎಂದ ತುಳಸಿರಾಮ.

ಸೇರಬೇಕಾದ ಜಾಗಕ್ಕಿಂತ ಒಂದು ಫರ್ಲಾಂಗು ಕೆಳಗೆ ದಂಡೆ ಸಿಕ್ಕಿತು. ಪೆಟ್ಟಿಗೆಯನ್ನು ಇಬ್ಬರೂ ಹೊತ್ತು ಗದ್ದೆಯ ಬದುವಿನ ಮೇಲೆ ಓಡಿದರು. ಅಂಗಳದ ಹಂದರದಲ್ಲಿ ಊಟಕ್ಕೆ ಕೂತ ನೂರು ಜನ, ಆಗಲೇ ಹೋಳಿಗೆ ಮುಗಿಸಿ ಮಜ್ಜಿಗೆಗೆ ಕೈಯೊಡ್ಡಿದ್ದರು. "ಕೇಸರಿ ಹಾಲ ಬಂತು" ಎಂದು ಯಾರೋ ಮೂಲೆಯಿಂದ ಅಂದರು. ಈರೇಶ ಕೇಳಿಸಿಕೊಳ್ಳಲಿಲ್ಲ. ಡಬ್ಬಿ ತಿರುವಿ ಒಂದೊಂದೇ ತಟ್ಟೆಗೆ ತಟ್ಟಿದ. ಟಣ್, ಟಣ್ ಎಂದು ಕುಲ್ಫಿ ಬಿದ್ದ ಸದ್ದಿಗೆ ಹಂದರವೇ ಅತ್ತ ತಿರುಗಿತು. ಉಮಾಶ್ರೀ ಕಂಬಕ್ಕೊರಗಿ ನಿಂತು ಗಂಡನನ್ನು ಹೊಸ ಮದುಮಗನಂತೆ ನೋಡಿದಳು. ಈರೇಶನ ಕಣ್ಣು ತುಂಬಿ ಬಂತು.

ಆ ಮನೆತನದಲ್ಲಿ ಒಂದು ರೂಢಿ. ಬಂದ ಬೀಗರಲ್ಲಿ ಹಿರಿಯರು ಬಾಯಿಗಿಟ್ಟು "ತಗೋರಿ" ಅನ್ನುವವರೆಗೆ ಸಿಹಿಯನ್ನು ಯಾರೂ ಮುಟ್ಟುವಂತಿಲ್ಲ. ನೂರು ಜನರೂ ನಾಗಲಿಂಗಪ್ಪನವರ ಬಾಯಿ ನೋಡಿದರು. ಈರೇಶ ಕೆಂಪು ದಾರ ಬಿಚ್ಚಿ, ಮಾವನ ತಟ್ಟೆಗೆ ಕುಲ್ಫಿ ಇಳಿಸಿ, ಕೈಕಟ್ಟಿ ನಿಂತ.

ಮಾವ ಒಂದು ತುಂಡು ಕಡಿದರು. ಅವರ ಮೀಸೆ ಮೊದಲು ಎಡಕ್ಕೆ ಹೋಯಿತು, ಆಮೇಲೆ ಬಲಕ್ಕೆ.

"ಅಳಿಯಂದ್ರ, ಇದಕ್ಕ ಉಪ್ಪ ಹಾಕೂ ಪದ್ಧತಿ ಐತೇನು?"

ಈರೇಶ ಬೆರಳಲ್ಲಿ ಮುಟ್ಟಿ ನೆಕ್ಕಿದ. ಅಪ್ಪಟ ಉಪ್ಪು. ಹಿಟ್ಟಿಲ್ಲದ ಮುಚ್ಚಳ, ವಾಲಿದ ಪೆಟ್ಟಿಗೆ, ಎಲ್ಲ ಕಣ್ಣ ಮುಂದೆ ಬಂತು. ಪಕ್ಕದ ತಟ್ಟೆಯ ಕುಲ್ಫಿಯನ್ನು ಅವಸರದಲ್ಲಿ ರುಚಿ ನೋಡಿದ: ಸಕ್ಕರೆ, ಕೇಸರಿ, ಏಲಕ್ಕಿ. ಅದರಾಚೆಯದೂ ಹಾಗೇ. ಕೆಟ್ಟದ್ದು ಒಂದೇ! ಬೇರೆಯವನಾಗಿದ್ದರೆ ನೆಲ ಬಿರಿಯಬಾರದೇ ಎನ್ನುತ್ತಿದ್ದ. ಈರೇಶ ಮಾತ್ರ ಕಿಸೆಗೆ ಕೈ ಹಾಕಿ ಹಾಳೆ ಹೊರತೆಗೆದ.

"ಮಾವಾರ, ಒಂದ ನಿಮಿಷ. ನ್ಯೂಜಿಲೆಂಡ್ ಅಂತ ಒಂದ ದೇಶ ಐತಿ. ಸುತ್ತಲೂ ಸಮುದ್ರ."

ಒಂದು ನಿಮಿಷ ಹೋಗಿ ಇಪ್ಪತ್ತಾಯಿತು. ಹಡಗು ಬಂದರು ಬಿಟ್ಟಿತು. ಕುರಿ ಎಂದಿದ್ದಲ್ಲೆಲ್ಲ ತಡೆದು, ಉಗುಳು ನುಂಗಿ, ಬೆಣ್ಣೆಮುದ್ದೆ ಎಂದು ಓದಿದ. ಕಪ್ತಾನ ಕೊಳವೆಯೊಳಗೆ ತೆವಳಿದ. ನಡುವೆ ಮಾವ, "ಐದ ಸಾವಿರ ಬೆಣ್ಣಿಮುದ್ದಿ ಒಂದೊಂದ ನೆಕ್ಕಿ ನೋಡಿದ್ರೇನು?" ಎಂದು ಕೇಳಿದ್ದಕ್ಕೂ ಉತ್ತರ ಹೇಳಬೇಕಾಯಿತು. ಏಪ್ರಿಲ್ಲಿನ ಬಿಸಿಲು ಹಂದರದ ತಗಡನ್ನು ಕಾಯಿಸುತ್ತಿತ್ತು. ಉಮಾಶ್ರೀ ಕಂಬದ ಹತ್ತಿರದಿಂದ ಕಣ್ಣಲ್ಲಿ, ಕೈಯಲ್ಲಿ, ಕೊನೆಗೆ ಸೆರಗಿನಲ್ಲಿ ಸನ್ನೆ ಮಾಡಿದಳು. ಈರೇಶ ಆಗ ಲಂಡನ್ನಿನ ಹತ್ತಿರ ಬಂದಿದ್ದ.

"ಇಷ್ಟ ಮಾಲಿನ್ಯಾಗ ಕೆಟ್ಟದ್ದು ಒಂದ, ಮಾವಾರ. ನಂದೂ ಒಂದ! ಉಳದ ತೊಂಬತ್ತೊಂಬತ್ತೂ ಕಲ್ಲ ಆದಂಗ ಆಗ್ಯಾವ. ನೀವ ಕಣ್ಣಾರೆ ನೋಡ್ರಿ."

ನಾಗಲಿಂಗಪ್ಪನವರು ನೋಡಿದರು. ಎಲ್ಲರೂ ನೋಡಿದರು. ಈರೇಶ ಎಲ್ಲರಿಗಿಂತ ಕೊನೆಗೆ ನೋಡಿದ.

ಮಾವ ಪಕ್ಕದವರ ತಟ್ಟೆಯನ್ನು ಮೆಲ್ಲಗೆ ಎರಡೂ ಕೈಯಿಂದ ಎತ್ತಿ, ಬಾಯಿಗೆ ಹಚ್ಚಿ, ಕೊನೆಯ ಹನಿಯವರೆಗೂ ಕುಡಿದು, ಮೀಸೆ ಒರೆಸಿಕೊಂಡರು.

"ಆ ದೇಶದ ಸುದ್ದಿ ನನಗ ಗೊತ್ತಿಲ್ಲ" ಎಂದರು. "ಕೇಸರಿ ಹಾಲ ಮಾತ್ರ ನಮ್ಮ ಅಳಿಯಂದ್ರ ಕೈಯಾಗಿಂದ ಕುಡೀಬೇಕು. ತಗೋರಿ ಎಲ್ಲಾರೂ."