ಒಂದು ಅಟ್ಟಕ್ಕೆ ಸಾವಿರ ಸುಳ್ಳು ಅಟ್ಟ

ಕಣ್ಣಿಗೆ ಕಾಣದ್ದನ್ನು ಕಿವಿಯಲ್ಲೇ ಕಂಡುಹಿಡಿಯಬಲ್ಲೆ ಎಂಬ ಜಂಬ ನನಗೆ ಮೊದಲಿನಿಂದಲೂ ಉಂಟು. ಅಟ್ಟದ ಮೇಲೆ ವರ್ಷವಿಡೀ ಒಣಗುವ ತೆಂಗಿನಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಇನ್ನೂ ನೀರಿದೆಯೋ, ಕೊಬ್ಬರಿಯಾಗಿ ಚಿಪ್ಪು ಬಿಟ್ಟು ಗಡಗಡ ಎನ್ನುತ್ತಿದೆಯೋ ಎಂದು ಹೇಳುವುದನ್ನು ತಾತ ಕಲಿಸಿದ್ದ. ಹೆಂಡತಿ ಕರೆದದ್ದು ಮಾತ್ರ ಇದೇ ಕಿವಿಗೆ ಬೀಳುವುದಿಲ್ಲ. ಅದು ಬೇರೆ ವಿಷಯ.

ಈ ಸಲ ಹಂದನಕೆರೆಯ ಅಕ್ಕ, ಮೊಮ್ಮಗಳ ಮದುವೆಗೆ ನಮ್ಮ ಅಟ್ಟದ ಕೊಬ್ಬರಿಯೇ ಆಗಬೇಕೆಂದು ಹಟ ಹಿಡಿದಳು. ಹಸಿಯಿದ್ದಾಗಲೇ ಒಡೆದರೆ ಬೂಷ್ಟು ಹಿಡಿಯುತ್ತದೆ. ಒಡೆದ ಚಿಪ್ಪನ್ನು ಮತ್ತೆ ಅಂಟಿಸಲಾಗದು. ಮದುವೆಗೆ ಆರು ವಾರವಿತ್ತು. ನನ್ನ ಕಿವಿಯನ್ನು ನಂಬಿ, "ಈಗಲೇ ಇಳಿಸೋಣ" ಎಂದೆ. ತುಮಕೂರಿನ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುವ ಅಣ್ಣನ ಮಗಳು ಸುಮಾ, "ತಡಿ ಚಿಕ್ಕಪ್ಪ, ಕಂಪ್ಯೂಟರನ್ನೂ ಒಂದ್ ಮಾತು ಕೇಳಾಣ" ಎಂದಳು.

ಅವಳ ಕೆಲಸ ನೋಡಿ ಬೆರಗಾದೆ. ಕಂಪ್ಯೂಟರಿನೊಳಗೆ ಸಾವಿರ ಸುಳ್ಳು ಅಟ್ಟ ಕಟ್ಟಿದಳು. ಒಂದರಲ್ಲಿ ಕಾಯಿ ಬೇಗ ಬತ್ತುತ್ತದೆ, ಇನ್ನೊಂದರಲ್ಲಿ ಮಳೆಯ ಥಂಡಿಗೆ ನಿಧಾನ. ಪ್ರತಿ ಸೋಮವಾರ ನಾನು ಇಪ್ಪತ್ತು ಕಾಯಿ ಅಲ್ಲಾಡಿಸಿ, ಎಷ್ಟು ಗಡಗಡ ಎಂದವೆಂದು ಫೋನಿನಲ್ಲಿ ಹೇಳಬೇಕು. ನನ್ನ ಮಾತಿಗೆ ಹೊಂದದ ಅಟ್ಟಗಳು ಅಲ್ಲಿಗೇ ಮಾಯ. ಹೊಂದಿದವು ತಮ್ಮಂಥವೇ ಮರಿ ಹಾಕಿ, ಮತ್ತೆ ಸಾವಿರವಾಗಿ ಮುಂದಿನ ವಾರಕ್ಕೆ ನಡೆಯುತ್ತವೆ. ಉಳಿದ ಅಟ್ಟಗಳಲ್ಲಿ ಹೆಚ್ಚಿನವುಗಳ ಕಾಯಿ ಯಾವತ್ತಿಗೆ ಒಣಗುತ್ತದೋ ಅದೇ ನಮ್ಮ ಅಟ್ಟಕ್ಕೂ ಅಂದಾಜು. ನಮ್ಮ ತಾತನೂ ಒಂದೇ ಕಾಯಿಯ ಮಾತು ನಂಬದೆ ವಾರವಾರವೂ ತನ್ನ ಲೆಕ್ಕ ತಿದ್ದಿಕೊಳ್ಳುತ್ತಿದ್ದ. ಆದರೆ ಸಾವಿರ ಅಟ್ಟವನ್ನು ಒಟ್ಟಿಗೆ ತಲೆಯಲ್ಲಿಟ್ಟುಕೊಳ್ಳಲು ಅವನಿಗಿದ್ದದ್ದು ಒಂದೇ ತಲೆ, ಅದರ ಮೇಲೊಂದು ರುಮಾಲು.

ಮೂರನೆಯ ಸೋಮವಾರ ಸುಮಾಳೇ ಫೋನು ಮಾಡಿದಳು. "ಚಿಕ್ಕಪ್ಪ, ಮೊದಲ ವಾರದಿಂದ್ಲೂ ಇಪ್ಪತ್ತಕ್ಕೆ ಇಪ್ಪತ್ತೂ ಗಡಗಡ ಅಂತೀಯ. ಸಾವಿರದಲ್ಲಿ ಒಂದು ಅಟ್ಟವೂ ನಿನ್ನ ಮಾತಿಗೆ ಹೊಂದ್ತಿಲ್ಲ. ನಿಜ ಹೇಳು, ಯಾವ ಕಾಯಿ ಅಲ್ಲಾಡಿಸ್ತಿದೀಯ?"

ಅಡುಗೆಮನೆಯಿಂದ ನನ್ನವಳು ಕೂಗಿದಳು: "ಅವರೆಲ್ಲಿ ಅಟ್ಟ ಹತ್ತುತಾರೆ ಕಣೇ ಸುಮಾ! ಮಂಡಿ ನೋವು ಅಂತ ಏಣಿ ಮೇಲೇ ನಿಂತು, ಕೈಗೆ ಸಿಗೋ ಅದೇ ಇಪ್ಪತ್ತು ಕಾಯ್ನ ವಾರವಾರ ಅಲ್ಲಾಡಿಸ್ತಾರೆ. ಅದರ ಕೆಳಗೇ ನನ್ನ ಒಲೆ. ಒಣಗದೆ ಇನ್ನೇನ್ ಮಾಡ್ತವೆ?"

ಅವತ್ತಿನಿಂದ ನನ್ನವಳೇ ಸೆರಗು ಕಟ್ಟಿ ಹತ್ತಿ, ಮೂಲೆಮೂಲೆಯ ಕಾಯಿ ಅಲ್ಲಾಡಿಸಿದಳು. "ಇನ್ನೂ ಎರಡು ವಾರ ಬುಡು ಚಿಕ್ಕಮ್ಮ" ಎಂದಳು ಸುಮಾ. ಬಿಟ್ಟೆವು. ಒಡೆದಾಗ ಬೆರಳೆಣಿಕೆಯಷ್ಟು ಹಸಿ ಬಿಟ್ಟರೆ ಉಳಿದದ್ದೆಲ್ಲ ಗುಂಡಾದ ಕೊಬ್ಬರಿ. ಮದುವೆಮನೆಯಲ್ಲಿ ಅಕ್ಕ, "ನನ್ನ ತಮ್ಮನ ಕಿವಿ ಅಂದ್ರೆ ಕಿವಿ ಕಣ್ರೀ" ಎಂದು ನನ್ನನ್ನು ಎಲ್ಲರಿಗೂ ತೋರಿಸಿದಳು. ನಾನು ತಿದ್ದಲು ಹೋಗಲಿಲ್ಲ.

ಈಗ ಸುಮಾ ತನ್ನ ಲೆಕ್ಕಕ್ಕೆ ಹೊಸದೊಂದು ಸೇರಿಸಿದ್ದಾಳೆ: ಸುದ್ದಿ ಹೇಳುವವರ ಮಾತನ್ನು ಎಷ್ಟು ನಂಬಬಹುದು ಎಂಬುದು. ಚಿಕ್ಕಮ್ಮನದು ಮೊದಲ ವಾರವೇ ಗೊತ್ತಾಯಿತಂತೆ. ನನ್ನದು ಎಷ್ಟೆಂದು ಕೇಳಿದರೆ, "ಸಾವಿರ ಸುಳ್ಳು ಚಿಕ್ಕಪ್ಪಂದಿರನ್ನ ಮಾಡಿ ನೋಡ್ತಿದೀನಿ, ಇನ್ನೂ ಯಾರೂ ಏಣಿ ದಾಟಿಲ್ಲ" ಎನ್ನುತ್ತಾಳೆ.